ಕಾವಲು, ಎಚ್ಚರ ಮತ್ತು ದಣಿವು: ಪೂರ್ವ ಬೆಂಗಳೂರಿನ ವಾಯು ಸಂಚಾರ ನಿಯಂತ್ರಣ ವೃತ್ತಿ – ಒಂದು ಜಾನಪದೀಯ ವಿವೇಚನೆ

ಪೀಠಿಕೆ

ಜಾನಪದ ಅಧ್ಯಯನವೆಂದರೆ ಗ್ರಾಮೀಣ ಬದುಕಿನ ಅಧ್ಯಯನ ಮಾತ್ರ ಎಂಬ ಗ್ರಹಿಕೆ ಬಹುಕಾಲ ಪ್ರಚಲಿತವಾಗಿತ್ತು. ಒಂದಾದರೂ ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪನ್ನು ‘ಜನಪದ’ವೆಂದು ಪರಿಗಣಿಸಬಹುದೆಂದು ಅಮೆರಿಕದ ವಿದ್ವಾಂಸ ಅಲನ್ ಡಂಡಸ್ ಪ್ರತಿಪಾದಿಸಿದ ಮೇಲೆ ಈ ಶಿಸ್ತಿನ ಎಲ್ಲೆಗಳು ವಿಸ್ತಾರಗೊಂಡವು. ರಾಬರ್ಟ್ ಮೆಕಾರ್ಲ್ ಅವರು ಅಗ್ನಿಶಾಮಕ ಸಿಬ್ಬಂದಿಯನ್ನು, ಜ್ಯಾಕ್ ಸ್ಯಾಂಟಿನೊ ಅವರು ವಿಮಾನಯಾನ ನೌಕರರ ಕಥನಗಳನ್ನು ಅಧ್ಯಯನಕ್ಕೆ ಎತ್ತಿಕೊಂಡು, ಆಧುನಿಕ ವೃತ್ತಿಗಳಿಗೂ ತಮ್ಮದೇ ಆದ ಮಾತು, ನಂಬಿಕೆ, ಆಚರಣೆಗಳಿವೆ ಎಂಬುದನ್ನು ತೋರಿಸಿಕೊಟ್ಟರು. ಕನ್ನಡದಲ್ಲಿ ಕುಂಬಾರಿಕೆ, ನೇಯ್ಗೆ, ಕಮ್ಮಾರಿಕೆ ಮೊದಲಾದ ಪಾರಂಪರಿಕ ಕಸುಬುಗಳ ವೃತ್ತಿಪದಗಳನ್ನು ಕಲೆಹಾಕುವ ಕಾರ್ಯ ಗಣನೀಯವಾಗಿ ನಡೆದಿದೆ. ಆದರೆ ಯಂತ್ರಯುಗ ಸೃಷ್ಟಿಸಿದ ನಗರವೃತ್ತಿಗಳು ಈ ದೃಷ್ಟಿಗೆ ಬಿದ್ದಿರುವುದು ವಿರಳ.

ಅಂತಹ ವೃತ್ತಿಗಳಲ್ಲಿ ವಾಯು ಸಂಚಾರ ನಿಯಂತ್ರಣವೂ ಒಂದು. ಆಕಾಶದಲ್ಲಿರುವ ವಿಮಾನಗಳ ನಡುವೆ ನಿಗದಿತ ಅಂತರವನ್ನು ಕಾಯ್ದು, ಅವುಗಳನ್ನು ಸುರಕ್ಷಿತವಾಗಿ ಏರಿಸಿ ಇಳಿಸುವುದು ನಿಯಂತ್ರಕರ ಹೊಣೆ. ದೈಹಿಕ ಶ್ರಮ ಕಡಿಮೆಯಿರುವ ಈ ಕೆಲಸದ ದಣಿವು ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ. ಈ ದಣಿವಿನ ಸ್ವರೂಪವನ್ನು ಪೂರ್ವ ಬೆಂಗಳೂರಿನ ಹಿನ್ನೆಲೆಯಲ್ಲಿ ವಿವರಿಸಿ, ಎಚ್ಚರವಾಗಿರುವುದನ್ನೇ ಕಾಯಕವಾಗಿಸಿಕೊಂಡ ನಮ್ಮ ಪಾರಂಪರಿಕ ಸಮುದಾಯಗಳ ತಿಳಿವಳಿಕೆಯೊಂದಿಗೆ ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಎಚ್ಚರದ ವೃತ್ತಿಗಳ ನೆಲೆ

1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ನೆಲೆಗೊಂಡ ಬ್ರಿಟಿಷ್ ಸೇನಾ ಶಿಬಿರವನ್ನು ಕನ್ನಡಿಗರು ‘ದಂಡು’ ಎಂದೇ ಕರೆದರು. ಪಹರೆ, ಗಸ್ತು, ಸರದಿ ಕಾವಲುಗಳು ದಂಡಿನ ನಿತ್ಯಜೀವನದ ಅಂಗಗಳಾಗಿದ್ದವು. 1864ರಲ್ಲಿ ದಂಡಿನಿಂದ ಜೋಲಾರಪೇಟೆಗೆ ರೈಲು ಮಾರ್ಗ ತೆರೆದ ಮೇಲೆ, ಕೃಷ್ಣರಾಜಪುರದ ದಿಕ್ಕಿಗೆ ಹಳಿಗುಂಟ ಹೊಸ ಬಗೆಯ ಕಾವಲುಗಾರರು ಬಂದರು. ರಾತ್ರಿಯಿಡೀ ಕಣ್ಣು ಮುಚ್ಚದೆ ಗಾಡಿಗಳಿಗೆ ದಾರಿ ಬಿಡುವ ಸ್ಟೇಷನ್ ಮಾಸ್ತರರು, ಕೈಕಂಬ ಎಳೆಯುವವರು, ಗೇಟು ಕಾಯುವವರು ಈ ಸಾಲಿಗೆ ಸೇರುತ್ತಾರೆ. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದ್ ಅವರ ಉದ್ಯಮ ಮತ್ತು ಮೈಸೂರು ಸರ್ಕಾರದ ಸಹಯೋಗದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಅಮೆರಿಕದ ವಾಯುಸೇನೆಯ ವಿಮಾನಗಳ ದುರಸ್ತಿ ಕೇಂದ್ರವಾಯಿತು. 1948ರಲ್ಲಿ ಕೃಷ್ಣರಾಜಪುರದ ಬಳಿ ಐಟಿಐ ದೂರವಾಣಿ ಕಾರ್ಖಾನೆ ಆರಂಭವಾಯಿತು.

ಈ ಉದ್ಯಮಗಳು ಸ್ಥಳನಾಮಗಳಲ್ಲಿಯೂ ತಮ್ಮ ಗುರುತನ್ನು ಉಳಿಸಿವೆ. ವಿಮಾನಪುರ, ದೂರವಾಣಿನಗರ ಎಂಬ ಹೆಸರುಗಳು ವೃತ್ತಿಯಿಂದಲೇ ಹುಟ್ಟಿದವು. ಇಂದಿರಾನಗರದ ಒಂದು ಭಾಗ ಇಂದಿಗೂ ‘ಎಚ್‌ಎಎಲ್ ಎರಡನೆಯ ಹಂತ’ ಎನಿಸಿಕೊಳ್ಳುತ್ತದೆ. 2008ರ ಮೇ 24ರಂದು ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದಾಗ, ದೊಮ್ಮಲೂರಿನಿಂದ ಮಾರತಹಳ್ಳಿಯ ಕಡೆಗೆ ಸಾಗುವ ರಸ್ತೆ ಜನರ ಬಾಯಲ್ಲಿ ‘ಹಳೆಯ ಏರ್‌ಪೋರ್ಟ್ ರಸ್ತೆ’ಯಾಯಿತು. ಪಾಳಿ ಲೆಕ್ಕದಲ್ಲಿ ಕಾಲವನ್ನು ಅಳೆಯುವ ಪದ್ಧತಿಯೂ ಇದೇ ಪ್ರದೇಶದ ಮನೆಮಾತಾಯಿತು. ‘ಫಸ್ಟ್ ಶಿಫ್ಟ್’, ‘ಸೆಕೆಂಡ್ ಶಿಫ್ಟ್’, ‘ನೈಟ್ ಶಿಫ್ಟ್’ ಎಂಬ ಮಾತುಗಳು ಕನ್ನಡ, ತಮಿಳು, ತೆಲುಗು, ದಖನಿ ಆಡುವ ಎಲ್ಲ ಕುಟುಂಬಗಳಿಗೂ ಸಮಾನವಾದವು.

ಎಚ್‌ಎಎಲ್ ವಿಮಾನ ನಿಲ್ದಾಣದ ನಿಯಂತ್ರಣ ಕಾರ್ಯವು ಇತರ ನಾಗರಿಕ ನಿಲ್ದಾಣಗಳಿಗಿಂತ ಭಿನ್ನವಾದುದು. ಇಲ್ಲಿ ಪ್ರಯಾಣಿಕರ ವಿಮಾನಗಳ ಜೊತೆಯಲ್ಲಿಯೇ ಯುದ್ಧವಿಮಾನ, ಹೆಲಿಕಾಪ್ಟರ್ ಹಾಗೂ ಪರೀಕ್ಷಾ ಹಾರಾಟದ ವಿಮಾನಗಳು ಒಂದೇ ಓಡುದಾರಿಯನ್ನು ಬಳಸುತ್ತಿದ್ದವು. 2001ರ ಜನವರಿ 4ರಂದು ತೇಜಸ್ ಲಘು ಯುದ್ಧವಿಮಾನದ ಮೂಲಮಾದರಿ ಮೊದಲ ಬಾರಿಗೆ ಹಾರಿದ್ದು ಇಲ್ಲಿಂದಲೇ. ವೇಗ, ಏರುವ ಬಗೆ, ತಿರುಗುವ ಬಗೆಗಳಲ್ಲಿ ಒಂದಕ್ಕೊಂದು ಹೋಲದ ವಿಮಾನಗಳನ್ನು ಒಂದೇ ಸಾಲಿಗೆ ಪೋಣಿಸುವುದು, ಎತ್ತಿನ ಗಾಡಿ ಮತ್ತು ಮೋಟಾರುಗಳನ್ನು ಒಂದೇ ಸೇತುವೆಯ ಮೇಲೆ ಸರದಿಯಲ್ಲಿ ಬಿಟ್ಟಂತೆ. ಜಕ್ಕೂರು, ಯಲಹಂಕ ನೆಲೆಗಳೂ ಸಮೀಪದಲ್ಲಿರುವುದರಿಂದ ಈ ನಗರದ ಆಕಾಶ ಸದಾ ಹೊಂದಾಣಿಕೆಯನ್ನು ಬೇಡುತ್ತದೆ. ನಾಗರಿಕ ಸಂಚಾರದ ಕೊನೆಯ ವರ್ಷಗಳಲ್ಲಿ ಈ ಒಂದೇ ಓಡುದಾರಿಯ ನಿಲ್ದಾಣವು ವರ್ಷಕ್ಕೆ ಸುಮಾರು 1 ಕೋಟಿ ಪ್ರಯಾಣಿಕರ ಒತ್ತಡವನ್ನು ಹೊತ್ತಿತ್ತು. ನಿಗದಿತ ನಾಗರಿಕ ಸಂಚಾರ ಸ್ಥಳಾಂತರಗೊಂಡರೂ ರಕ್ಷಣಾ ಮತ್ತು ಪರೀಕ್ಷಾ ಹಾರಾಟಗಳಿಗಾಗಿ ಈ ಗೋಪುರ ಇಂದಿಗೂ ಕಾರ್ಯನಿರತವಾಗಿದೆ.

ದಣಿವಿನ ಸ್ವರೂಪ

ಕನ್ನಡದಲ್ಲಿ ದಣಿವಿಗೆ ಒಂದೇ ಹೆಸರಿಲ್ಲ. ದಣಿವು, ಬಳಲಿಕೆ, ಆಯಾಸಗಳು ದುಡಿದ ದೇಹವನ್ನು ಸೂಚಿಸಿದರೆ, ಜೋಂಪು, ಮಂಪರು, ತೂಕಡಿಕೆಗಳು ಎಚ್ಚರ ಮತ್ತು ನಿದ್ರೆಗಳ ನಡುವಣ ಸ್ಥಿತಿಯನ್ನು ಸೂಚಿಸುತ್ತವೆ. ಮೊದಲ ಗುಂಪಿನದು ಕೂತರೆ ಕಳೆಯುವ ದಣಿವು. ಎರಡನೆಯದು ಕೂತಷ್ಟೂ ಹೆಚ್ಚುವಂಥದು. ನಿಯಂತ್ರಕರನ್ನು ಬಾಧಿಸುವುದು ಮುಖ್ಯವಾಗಿ ಈ ಎರಡನೆಯ ಬಗೆ ಎಂಬುದನ್ನು ಗಮನಿಸಬೇಕು.

ಇದರ ಕಾರಣಗಳನ್ನು ಮೂರಾಗಿ ವಿಂಗಡಿಸಬಹುದು. ಮೊದಲನೆಯದು ಅವಧಾನದ ಕ್ಷೀಣತೆ. ಎರಡನೆಯ ಮಹಾಯುದ್ಧದ ರಾಡಾರ್ ವೀಕ್ಷಕರ ಸಮಸ್ಯೆಯಿಂದ ಪ್ರೇರಿತರಾದ ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್, ಏಕತಾನವಾದ ವೀಕ್ಷಣೆಯಲ್ಲಿ ತೊಡಗಿದವರ ಗ್ರಹಣಶಕ್ತಿ ಮೊದಲ ಅರ್ಧ ಗಂಟೆಯಲ್ಲಿಯೇ ಕುಗ್ಗತೊಡಗುತ್ತದೆ ಎಂಬುದನ್ನು 1948ರಲ್ಲಿ ಪ್ರಕಟಿಸಿದರು. ಹಾಗಾಗಿ ಸಂಚಾರ ದಟ್ಟವಾಗಿರುವಾಗ ಮಾತ್ರವಲ್ಲ, ವಿರಳವಾಗಿರುವಾಗಲೂ ಅಪಾಯವಿದೆ. ಎರಡನೆಯದು ಎಚ್ಚರದ ಅವಧಿ. ಸತತ 17 ಗಂಟೆ ನಿದ್ರೆಯಿಲ್ಲದಿದ್ದವರ ಕಾರ್ಯಕ್ಷಮತೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರವಿರುವವರ ಮಟ್ಟಕ್ಕೆ ಇಳಿಯುತ್ತದೆ ಎಂಬುದನ್ನು ಡಾಸನ್ ಮತ್ತು ರೀಡ್ 1997ರಲ್ಲಿ ತೋರಿಸಿದರು. ಮೂರನೆಯದು ದೇಹದ ದೈನಿಕ ಲಯ. ರಾತ್ರಿ ಸುಮಾರು 2ರಿಂದ 6 ಗಂಟೆಯ ನಡುವೆ ಈ ಲಯ ಕನಿಷ್ಠ ಮಟ್ಟದಲ್ಲಿರುತ್ತದೆ. ಆ ಹೊತ್ತಿನಲ್ಲಿ ಇಚ್ಛಾಬಲವೊಂದರಿಂದಲೇ ನಿದ್ರೆಯನ್ನು ಗೆಲ್ಲಲಾಗದು.

ಇವುಗಳ ಮೇಲೆ ಮಾನಸಿಕ ಒತ್ತಡದ ಭಾರವೂ ಇದೆ. ಸಿಡ್ನಿ ಕಾಬ್ ಮತ್ತು ರಾಬರ್ಟ್ ರೋಸ್ ಅವರು 1973ರಲ್ಲಿ ಪ್ರಕಟಿಸಿದ ಅಧ್ಯಯನವು, ಅಮೆರಿಕದ ನಿಯಂತ್ರಕರಲ್ಲಿ ಅಧಿಕ ರಕ್ತದೊತ್ತಡ ಮತ್ತು ಜಠರದ ಹುಣ್ಣು ಹೋಲಿಕೆಯ ಗುಂಪಿಗಿಂತ ಹೆಚ್ಚಾಗಿರುವುದನ್ನು ಗುರುತಿಸಿತು. ಬೆಂಗಳೂರಿಗೆ ಈ ಜ್ಞಾನಶಾಖೆ ಹೊಸದಲ್ಲ. ವಾಯುಸೇನೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯು 1957ರಿಂದ ಇದೇ ವಿಮಾನಪುರದ ನೆರೆಯಲ್ಲಿ ಕಾರ್ಯನಿರ್ವಹಿಸುತ್ತಿದೆ.

ಜಾವ, ಜಾಗರಣೆ ಮತ್ತು ಕಾವಲು

ಪ್ರಯೋಗಾಲಯದ ಈ ಫಲಿತಗಳಲ್ಲಿ ಕೆಲವು ಜನಪದರ ಅನುಭವಕ್ಕೆ ಮೊದಲೇ ದಕ್ಕಿದ್ದವು. ಹಗಲು ನಾಲ್ಕು, ಇರುಳು ನಾಲ್ಕು ಎಂದು ದಿನವನ್ನು ಎಂಟು ಜಾವಗಳಾಗಿ ವಿಭಜಿಸಿದ ಕಾಲಗಣನೆಯಲ್ಲಿ, ಇರುಳಿನ ಕೊನೆಯ ಜಾವ ಸರಿಸುಮಾರು 3ರಿಂದ 6 ಗಂಟೆಯವರೆಗೆ ಬರುತ್ತದೆ. ‘ಬೆಳಗಿನ ಜಾವದ ನಿದ್ದೆ’ ಎಂಬ ಮಾತೇ ಆ ಹೊತ್ತಿನ ನಿದ್ರೆಯ ಸೆಳೆತವನ್ನು ಹೇಳುತ್ತದೆ. ‘ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು’ ಎಂಬ ಗಾದೆಯು ನಿದ್ರೆಯನ್ನು ಹಸಿವಿನ ಸಾಲಿನಲ್ಲಿಟ್ಟು, ಅದು ಶಿಸ್ತಿನ ಕೊರತೆಯಲ್ಲ, ದೇಹದ ಬೇಡಿಕೆ ಎಂಬುದನ್ನು ಒಪ್ಪಿಕೊಳ್ಳುತ್ತದೆ.

ಎಚ್ಚರವಿರುವುದನ್ನು ಜನಪದರು ಎಂದೂ ಒಬ್ಬರ ಹೊಣೆಯಾಗಿ ಬಿಟ್ಟಿಲ್ಲ. ಶಿವರಾತ್ರಿಯ ಜಾಗರಣೆಯಲ್ಲಿ ಭಜನೆಯಿದೆ, ಬೆಳಕಿದೆ, ಜೊತೆಗಾರರಿದ್ದಾರೆ. ಮರುದಿನ ಮಲಗಲು ಅನುಮತಿಯೂ ಇದೆ. ಮೂಡಲಪಾಯ, ಯಕ್ಷಗಾನಗಳಂತಹ ಇರುಳಿಡೀ ನಡೆಯುವ ಆಟಗಳಲ್ಲಿ ಮದ್ದಳೆ, ಚಂಡೆ, ಹಾಸ್ಯಗಳು ನೋಡುವವರ ಕಣ್ಣನ್ನು ತೆರೆದಿಡುತ್ತವೆ. ಹೊಲದ ಅಟ್ಟಣೆಯ ಮೇಲೆ ಬೆಳೆ ಕಾಯುವವರು ಪಕ್ಕದ ಹೊಲದವರಿಗೆ ಕೂಗು ಹಾಕಿ, ಮರುಕೂಗು ಪಡೆದು ಪರಸ್ಪರ ಎಚ್ಚರವನ್ನು ಖಚಿತಪಡಿಸಿಕೊಳ್ಳುತ್ತಾರೆ. ಬೀಸುವ ಪದಗಳು ಒಂದೇ ಬಗೆಯ ಚಲನೆಯ ಬೇಸರವನ್ನು ಹಾಡಿನ ಲಯಕ್ಕೆ ಕಟ್ಟಿಹಾಕುತ್ತವೆ. ಹೀಗೆ ಸದ್ದು, ಸಂಗಾತ ಮತ್ತು ಸರದಿ ಈ ಮೂರೂ ಪಾರಂಪರಿಕ ಎಚ್ಚರದ ಆಧಾರಗಳಾಗಿವೆ.

ನಿಯಂತ್ರಣ ಗೋಪುರವನ್ನು ಆಧುನಿಕ ಅಟ್ಟಣೆ ಎಂದು ಕರೆಯಬಹುದಾದರೂ, ಈ ಮೂರು ಆಧಾರಗಳಲ್ಲಿ ಮೊದಲ ಎರಡು ಅಲ್ಲಿ ದುರ್ಬಲವಾಗಿವೆ. ರೇಡಿಯೋ ತರಂಗದಲ್ಲಿ ಹಾಡಿಗೆ, ಹರಟೆಗೆ ಎಡೆಯಿಲ್ಲ. ಇಲ್ಲಿನ ಅಧಿಕೃತ ಸಂವಹನ ಇಂಗ್ಲಿಷಿನಲ್ಲಿ, ಅದೂ ಪೂರ್ವನಿಶ್ಚಿತ ವಾಕ್ಯಗಳಲ್ಲಿ ನಡೆಯುತ್ತದೆ. ತಾಯ್ನುಡಿ ಯಾವುದೇ ಇದ್ದರೂ ಕರ್ತವ್ಯದ ಹೊತ್ತಿನಲ್ಲಿ ಅದನ್ನು ಬದಿಗಿಡಬೇಕು. ಆದುದರಿಂದ ಉಳಿಯುವ ಏಕೈಕ ಆಧಾರವೆಂದರೆ ಸರದಿ, ಅಂದರೆ ಪಾಳಿ ಮತ್ತು ವಿಶ್ರಾಂತಿಯ ವ್ಯವಸ್ಥೆ. ಅದೂ ಸಡಿಲಗೊಂಡರೆ ಎಚ್ಚರಕ್ಕೆ ಆಸರೆಯೇ ಇಲ್ಲದಂತಾಗುತ್ತದೆ.

ಹೂಂಗುಟ್ಟುವಿಕೆ ಮತ್ತು ಮರುನುಡಿ

ಈ ವೃತ್ತಿಯ ಮೌಖಿಕ ಲಕ್ಷಣಗಳಲ್ಲಿ ಮುಖ್ಯವಾದುದು ‘ರೀಡ್‌ಬ್ಯಾಕ್’ ಅಥವಾ ಮರುನುಡಿ. ಎತ್ತರ, ದಿಕ್ಕು, ಓಡುದಾರಿಗಳ ಬಗ್ಗೆ ನಿಯಂತ್ರಕರು ನೀಡಿದ ಸೂಚನೆಯನ್ನು ಪೈಲಟ್ ಪುನರುಚ್ಚರಿಸಬೇಕು. ಅದು ಸರಿಯಾಗಿದೆಯೇ ಎಂಬುದನ್ನು ನಿಯಂತ್ರಕರು ಕೇಳಿ ದೃಢಪಡಿಸಿಕೊಳ್ಳಬೇಕು. ಜನಪದ ಕಥನ ಸಂಪ್ರದಾಯದಲ್ಲಿ ಇದಕ್ಕೆ ಸಮೀಪವಾದ ಒಂದು ರೂಢಿಯಿದೆ. ಕಥೆ ಹೇಳುವವರು ಕೇಳುಗರಿಂದ ‘ಹೂಂ’ ಎಂಬ ದನಿಯನ್ನು ಅಪೇಕ್ಷಿಸುತ್ತಾರೆ. ಹೂಂಗುಟ್ಟುವುದು ನಿಂತರೆ ಕೇಳುವವರಿಗೆ ನಿದ್ದೆ ಬಂತೆಂದೇ ಅರ್ಥ. ಕಥೆಯೂ ಅಲ್ಲಿಗೆ ನಿಲ್ಲುತ್ತದೆ.

ಎರಡರ ನಡುವಣ ವ್ಯತ್ಯಾಸವೂ ಅಷ್ಟೇ ಮಹತ್ವದ್ದು. ಹೂಂಗುಟ್ಟುವಿಕೆ ಎಚ್ಚರವನ್ನು ಮಾತ್ರ ಸಾರುತ್ತದೆ, ಅರ್ಥವಾಯಿತೆಂಬುದನ್ನು ಸಾರುವುದಿಲ್ಲ. ಅಜ್ಜಿಯ ಕಥೆಗೆ ಮಗು ಮಂಪರಿನಲ್ಲಿಯೂ ‘ಹೂಂ’ ಎನ್ನಬಲ್ಲದು. ಮರುನುಡಿಯ ಪದ್ಧತಿ ಈ ಕೊರತೆಯನ್ನು ತುಂಬಲೆಂದೇ ಬಂದದ್ದು. ಆದರೆ ದಣಿದ ಕಿವಿ ಎದುರಿನವರು ಹೇಳಿದ್ದನ್ನಲ್ಲ, ತಾನು ನಿರೀಕ್ಷಿಸಿದ್ದನ್ನು ಕೇಳಿಸಿಕೊಳ್ಳುತ್ತದೆ. ತಪ್ಪಾದ ಮರುನುಡಿ ತಿದ್ದುಪಡಿಯಿಲ್ಲದೆ ಸಾಗುವುದು ವಿಮಾನಯಾನ ಸುರಕ್ಷತಾ ಸಾಹಿತ್ಯದಲ್ಲಿ ಚಿರಪರಿಚಿತ ದೋಷ. ಬೇರೆ ಮಾತಿನಲ್ಲಿ ಹೇಳುವುದಾದರೆ, ದಣಿವು ಮರುನುಡಿಯನ್ನು ಮರಳಿ ಹೂಂಗುಟ್ಟುವಿಕೆಯ ಮಟ್ಟಕ್ಕೆ ಇಳಿಸುತ್ತದೆ.

ಪಾಳಿ ಬದಲಾಗುವಾಗಿನ ಹಸ್ತಾಂತರವೂ ಇಂತಹುದೇ ಮೌಖಿಕ ಘಟಕ. ಏಕಮಾರ್ಗದ ರೈಲು ಹಳಿಯಲ್ಲಿ ಲೋಹದ ಟೋಕನ್ ಕೈಗೆ ಬಂದಲ್ಲದೆ ಗಾಡಿ ಮುಂದುವರಿಯುವಂತಿರಲಿಲ್ಲ. ಅಧಿಕಾರ ಒಂದು ವಸ್ತುವಿನ ರೂಪದಲ್ಲಿತ್ತು. ಗೋಪುರದಲ್ಲಿ ದಾಟಿಸಬೇಕಾದುದು ಮನಸ್ಸಿನೊಳಗಿನ ಆಕಾಶದ ಚಿತ್ರ. ಇಂಗ್ಲಿಷ್ ಬಳಸುವ ನಿಯಂತ್ರಕರು ಇದನ್ನು ‘ಪಿಕ್ಚರ್’ ಎನ್ನುತ್ತಾರೆ. ಅದು ಕೈತಪ್ಪುವುದು ಅವರ ವೃತ್ತಿಯ ಬಹುದೊಡ್ಡ ಭೀತಿ. ದಾಟಿಕೆಯಲ್ಲಿ ಒಂದು ಮಾತು ಬಿಟ್ಟುಹೋದರೆ ಏನಾಗಬಹುದೆಂಬುದಕ್ಕೆ 2022ರ ಜನವರಿಯಲ್ಲಿ ಬೆಂಗಳೂರಿನಲ್ಲಿಯೇ ನಡೆದ ಘಟನೆ ಸಾಕ್ಷಿ. ಕೆಂಪೇಗೌಡ ನಿಲ್ದಾಣದಲ್ಲಿ ಒಂದೇ ಓಡುದಾರಿಯನ್ನು ಬಳಸುವ ನಿರ್ಧಾರವಾಗಿದ್ದರೂ ಅದು ದಕ್ಷಿಣ ಓಡುದಾರಿಯ ನಿಯಂತ್ರಕರಿಗೆ ತಲುಪಲಿಲ್ಲ. ಕೋಲ್ಕತ್ತ ಮತ್ತು ಭುವನೇಶ್ವರಗಳಿಗೆ ಹೊರಟ ಎರಡು ವಿಮಾನಗಳು ಸಮಾನಾಂತರ ಓಡುದಾರಿಗಳಿಂದ ಏಕಕಾಲಕ್ಕೆ ಮೇಲೇರಿ ಪರಸ್ಪರ ಸಮೀಪಿಸಿದವು. ರಾಡಾರ್ ನಿಯಂತ್ರಕರು ತಕ್ಷಣ ಬೇರೆ ಬೇರೆ ದಿಕ್ಕುಗಳನ್ನು ಸೂಚಿಸಿದುದರಿಂದ ದುರಂತ ತಪ್ಪಿತು. ಈ ಪ್ರಕರಣವನ್ನು ಇಲ್ಲಿ ಉಲ್ಲೇಖಿಸಿರುವುದು ದಣಿವಿನ ನಿದರ್ಶನವಾಗಿ ಅಲ್ಲ. ಮಾತಿನ ಸರಪಳಿಯ ಒಂದು ಕೊಂಡಿ ಕಳಚುವುದಕ್ಕೂ, ಮತ್ತೊಂದು ಎಚ್ಚರದ ಕಣ್ಣು ಅದನ್ನು ಕಾಯುವುದಕ್ಕೂ ನಿದರ್ಶನವಾಗಿ.

ರೂಢಿಯ ಎರಡು ಮುಖ

ಲಿಖಿತ ನಿಯಮ ದಣಿವನ್ನು ಕಡೆಗಣಿಸಿದಲ್ಲಿ ವೃತ್ತಿಸಮುದಾಯ ತನ್ನದೇ ರೂಢಿಯನ್ನು ಹುಟ್ಟಿಸಿಕೊಳ್ಳುತ್ತದೆ. ಅಮೆರಿಕದಲ್ಲಿ ಎರಡು ಮಧ್ಯಾಹ್ನದ, ಎರಡು ಬೆಳಗಿನ, ಒಂದು ನಡುರಾತ್ರಿಯ ಪಾಳಿಗಳನ್ನು ಒಂದೇ ವಾರಕ್ಕೆ ಅಡಕಿಸುವ ಪದ್ಧತಿಯಿದೆ. ದೀರ್ಘ ರಜೆ ದೊರೆಯುವುದರಿಂದ ಇದು ಪ್ರಿಯವೂ ಹೌದು. ನಿಯಂತ್ರಕರು ಇದಕ್ಕಿಟ್ಟ ಹೆಸರು ‘ರ‍್ಯಾಟ್ಲರ್’, ಎಂದರೆ ತಿರುಗಿ ಬಂದು ಕಚ್ಚುವ ಹಾವು. ಪದ್ಧತಿಯ ಲಾಭವನ್ನೂ ವಿಷವನ್ನೂ ಒಂದೇ ಪದದಲ್ಲಿ ಹಿಡಿದಿಟ್ಟ ಈ ಹೆಸರು ಗಾದೆಯಷ್ಟೇ ಸಾಂದ್ರವಾದ ವೃತ್ತಿಜ್ಞಾನವಾಗಿದೆ.

ರೂಢಿ ಯಾವಾಗಲೂ ಕಾಯುವುದಿಲ್ಲ ಎಂಬುದಕ್ಕೆ 2002ರ ಜುಲೈ 1ರ ಇರುಳು ಜರ್ಮನಿಯ ಉಬರ್‌ಲಿಂಗನ್ ಬಳಿ ನಡೆದ ಡಿಕ್ಕಿ ಉದಾಹರಣೆ. ರಾತ್ರಿ ಪಾಳಿಯಲ್ಲಿ ಇಬ್ಬರಲ್ಲಿ ಒಬ್ಬರು ವಿಶ್ರಾಂತಿಗೆ ತೆರಳುವುದು ಝ್ಯೂರಿಕ್ ನಿಯಂತ್ರಣ ಕೇಂದ್ರದಲ್ಲಿ ಬಹುಕಾಲದಿಂದ ನಡೆದುಬಂದಿತ್ತು. ಆಡಳಿತ ಅದನ್ನು ಸಹಿಸಿಕೊಂಡಿತ್ತು. ಅಂದು ಉಪಕರಣಗಳ ದುರಸ್ತಿಯೂ ನಡೆದಿತ್ತು. ಒಬ್ಬರೇ ನಿಯಂತ್ರಕರು ಎರಡು ಪೀಠಗಳನ್ನು ನಿಭಾಯಿಸುತ್ತಿದ್ದಾಗ ಎರಡು ವಿಮಾನಗಳು ಡಿಕ್ಕಿಯಾಗಿ 71 ಮಂದಿ ಮಡಿದರು. ವಿಶ್ರಾಂತಿಯ ಅಗತ್ಯ ನಿಜವಾದುದೇ. ಆದರೆ ಅದು ಬದಲಿ ವ್ಯಕ್ತಿಯಿಲ್ಲದ ಗುಟ್ಟಿನ ಹೊಂದಾಣಿಕೆಯಾದಾಗ ಸರದಿ ಎಂಬ ಆಧಾರ ಒಳಗಿನಿಂದಲೇ ಕುಸಿಯಿತು.

ಕರ್ನಾಟಕದ ಮಟ್ಟಿಗೆ ದಣಿವಿನ ಅತ್ಯಂತ ದಾರುಣ ದಾಖಲೆ 2010ರ ಮೇ 22ರ ಮಂಗಳೂರು ದುರಂತ. ದುಬೈನಿಂದ ಬಂದ ವಿಮಾನ ಬೆಳಿಗ್ಗೆ 6 ಗಂಟೆಯ ಸುಮಾರಿಗೆ ಓಡುದಾರಿಯನ್ನು ಮೀರಿ ಕಂದರಕ್ಕೆ ಉರುಳಿತು. 166 ಮಂದಿಯಲ್ಲಿ 158 ಮಂದಿ ಅಸುನೀಗಿದರು. ಹಾರಾಟದ ಬಹುಭಾಗ ಕ್ಯಾಪ್ಟನ್ ನಿದ್ರಿಸಿದ್ದುದನ್ನೂ, ಎಚ್ಚರಗೊಂಡ ಬಳಿಕವೂ ಉಳಿಯುವ ನಿದ್ರಾಜಡತೆಯ ಪ್ರಭಾವವನ್ನೂ ತನಿಖೆ ಗುರುತಿಸಿತು. ಮಂಗಳೂರಿನ ರಾಡಾರ್ ಆ ದಿನಗಳಲ್ಲಿ ಕೆಟ್ಟಿದ್ದುದರಿಂದ ವಿಮಾನಕ್ಕೆ ಎಂದಿನಷ್ಟು ಮುಂಚಿತವಾಗಿ ಇಳಿಯಲು ಅನುಮತಿ ದೊರೆಯದೆ, ಅದು ಎತ್ತರದಲ್ಲಿಯೇ ಉಳಿದಿತ್ತು. ಆಕಾಶದಲ್ಲಿರುವವರ ದಣಿವು ಮತ್ತು ನೆಲದಲ್ಲಿರುವವರ ಉಪಕರಣದ ಮಿತಿ ಹೇಗೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ ಎಂಬುದಕ್ಕೆ ಇದು ನಿದರ್ಶನ.

ಪೂರ್ವ ಬೆಂಗಳೂರಿನ ಸ್ಮೃತಿಯಲ್ಲಿರುವ ದುರಂತ 1990ರ ಫೆಬ್ರವರಿ 14ರದು. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ-320 ವಿಮಾನ ಎಚ್‌ಎಎಲ್ ಓಡುದಾರಿಗೆ ಸುಮಾರು 700 ಮೀಟರ್ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು, 146 ಮಂದಿಯಲ್ಲಿ 92 ಮಂದಿ ಮೃತಪಟ್ಟರು. ಅದು ನಡುಹಗಲಿನ ಘಟನೆ. ತನಿಖೆ ಕಾಕ್‌ಪಿಟ್ಟಿನೊಳಗಿನ ಲೋಪಗಳತ್ತ ಬೊಟ್ಟುಮಾಡಿತು. ಆದರೂ ನಿಯಂತ್ರಣ ವೃತ್ತಿಯ ಒಂದು ಸತ್ಯವನ್ನು ಇಂತಹ ಘಟನೆಗಳು ಕಾಣಿಸುತ್ತವೆ. ತಮ್ಮ ತಪ್ಪಿಲ್ಲದಿದ್ದರೂ, ಕೊನೆಯ ಮಾತು ಆಡಿದವರು ಗೋಪುರದಲ್ಲಿರುವವರೇ. ಸಾವಿನ ಮನೆಗೆ ನೆರೆಹೊರೆಯವರು ಹೋಗಿ ಮಾತನಾಡಿಸಿ ಬರುವ ಪದ್ಧತಿ ನಮ್ಮಲ್ಲಿದೆ. ನೊಂದವರನ್ನು ಒಂಟಿಯಾಗಿ ಬಿಡಬಾರದೆಂಬುದು ಅದರ ತಿರುಳು. ಜರ್ಮನಿಯ ನಿಯಂತ್ರಣ ಸಂಸ್ಥೆ 1990ರ ದಶಕದ ಉತ್ತರಾರ್ಧದಲ್ಲಿ ಇಂತಹುದನ್ನೇ ವೃತ್ತಿಯೊಳಗೆ ತಂದಿತು. ಆಘಾತಕರ ಘಟನೆಯ ನಂತರ ತರಬೇತಿ ಪಡೆದ ಸಹೋದ್ಯೋಗಿಗಳೇ ನಿಯಂತ್ರಕರೊಡನೆ ಮಾತನಾಡುವ ವ್ಯವಸ್ಥೆ ಅದು.

ನಿಯಮ ಮತ್ತು ವಾಸ್ತವ

ಕೆಲಸದ ತೀವ್ರತೆಗೆ ತಕ್ಕಂತೆ ದುಡಿಮೆಯ ಅವಧಿ ಇರಬೇಕೆಂಬ ತತ್ತ್ವ ನಮ್ಮ ರೈಲ್ವೆಯಲ್ಲಿ ಹಳೆಯದು. 1989ರ ರೈಲ್ವೆ ಕಾಯಿದೆ ನೌಕರಿಗಳನ್ನು ವರ್ಗೀಕರಿಸುವಾಗ, ಬಿಡುವಿಲ್ಲದ ಏಕಾಗ್ರತೆ ಬೇಡುವ ಕೆಲಸವನ್ನು ಕಠಿಣ ಮೈದುಡಿಮೆಯ ಜೊತೆಗೇ ಇಟ್ಟು ‘ತೀವ್ರ’ ಎಂದು ಗುರುತಿಸುತ್ತದೆ. ಕಣ್ಣಿನ ದುಡಿಮೆಯೂ ಮೈದುಡಿಮೆಗೆ ಸಮ ಎಂಬ ಈ ಒಪ್ಪಿಗೆ ಗಮನಾರ್ಹ. ವಾಯು ಸಂಚಾರದಲ್ಲಿ ಬ್ರಿಟನ್ 1990ರ ದಶಕದಿಂದಲೇ, ಎರಡು ಗಂಟೆಯ ಸತತ ನಿಯಂತ್ರಣದ ಬಳಿಕ ಸಾಮಾನ್ಯವಾಗಿ 30 ನಿಮಿಷದ ಬಿಡುವನ್ನು ನಿಗದಿಪಡಿಸಿದೆ. ಅಮೆರಿಕದಲ್ಲಿ 2011ರ ಮಾರ್ಚ್‌ನಲ್ಲಿ ವಾಷಿಂಗ್ಟನ್ನಿನ ಗೋಪುರದ ಏಕೈಕ ನಿಯಂತ್ರಕರು ನಿದ್ರೆಗೆ ಜಾರಿದ ಪರಿಣಾಮ ಎರಡು ವಿಮಾನಗಳು ಗೋಪುರದ ನೆರವಿಲ್ಲದೆ ಇಳಿದವು. ಆ ಬಳಿಕ ಪಾಳಿಗಳ ನಡುವೆ ಕನಿಷ್ಠ 9 ಗಂಟೆಯ ಬಿಡುವು ಕಡ್ಡಾಯವಾಯಿತು. 2024ರಲ್ಲಿ ಅದನ್ನು 10 ಗಂಟೆಗೆ, ನಡುರಾತ್ರಿಯ ಪಾಳಿಗೆ ಮೊದಲು 12 ಗಂಟೆಗೆ ಏರಿಸುವ ನಿರ್ಧಾರವನ್ನು ಪ್ರಕಟಿಸಲಾಯಿತು. ನಿಯಂತ್ರಕರ ದಣಿವಿನ ನಿರ್ವಹಣೆಯನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2020ರ ನವೆಂಬರ್‌ನಿಂದ ಸದಸ್ಯ ರಾಷ್ಟ್ರಗಳಿಗೆ ಅನ್ವಯಿಸಿತು.

ಭಾರತದಲ್ಲಿಯೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನಿಯಂತ್ರಕರ ಕರ್ತವ್ಯ ಮತ್ತು ವಿಶ್ರಾಂತಿಯ ಅವಧಿಗಳಿಗೆ ಮಿತಿಗಳನ್ನು ರೂಪಿಸಿದೆ. ಆದರೆ ಸಿಬ್ಬಂದಿಯ ಕೊರತೆಯಿಂದ ಅವುಗಳ ಪಾಲನೆಗೆ ವಿನಾಯಿತಿ ನೀಡಲಾಗಿರುವುದನ್ನು 2025ರ ಆಗಸ್ಟ್‌ನಲ್ಲಿ ಮಂಡನೆಯಾದ ಸಂಸದೀಯ ಸ್ಥಾಯಿ ಸಮಿತಿಯ ವರದಿ ಕಳವಳದಿಂದ ಪ್ರಸ್ತಾಪಿಸಿದೆ. ಬೆಂಗಳೂರಿನ ಹೊಸ ನಿಲ್ದಾಣ ಇಂದು ವರ್ಷಕ್ಕೆ 4 ಕೋಟಿಗೂ ಮೀರಿದ ಪ್ರಯಾಣಿಕರನ್ನು ಕಾಣುತ್ತಿರುವಾಗ, ಈ ವಿನಾಯಿತಿಯ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ನಿಯಂತ್ರಕರ ದಣಿವು ವ್ಯಕ್ತಿಯ ದೌರ್ಬಲ್ಯವಲ್ಲ. ಕೆಲಸದ ಸ್ವರೂಪ ಮತ್ತು ಪಾಳಿಯ ರಚನೆಯಿಂದ ಹುಟ್ಟುವಂಥದು. ಎಚ್ಚರವು ಸಾಮೂಹಿಕ ಹೊಣೆಯೆಂಬ ಜನಪದ ತಿಳಿವಳಿಕೆ ಈ ವೃತ್ತಿಗೂ ಅನ್ವಯಿಸುತ್ತದೆ. ದಣಿವಿಗೆ ವೃತ್ತಿಸಮುದಾಯ ಕಂಡುಕೊಂಡ ಹೆಸರು ಮತ್ತು ರೂಢಿಗಳು ಎಚ್ಚರಿಕೆಯ ಸೂಚನೆಗಳಾಗಿದ್ದು, ನಿಯಮ ರೂಪಿಸುವವರು ಅವುಗಳಿಗೆ ಮೊದಲು ಕಿವಿಗೊಡಬೇಕಾಗಿದೆ.

ವಿಮಾನಪುರದ ಗೋಪುರದಲ್ಲಿ ನಾಗರಿಕ ಸಂಚಾರವನ್ನು ನಡೆಸಿದ ತಲೆಮಾರು ನಿವೃತ್ತಿಯ ಅಂಚನ್ನು ದಾಟುತ್ತಿದೆ. ಅವರ ಮಾತು, ಹಾಸ್ಯ, ಹೊಸಬರಿಗೆ ಹೇಳಿಕೊಟ್ಟ ಕಿವಿಮಾತು, ನೈಟ್ ಶಿಫ್ಟಿನ ನೆನಪುಗಳು ಯಾವ ಸಂಗ್ರಹಾಲಯದಲ್ಲಿಯೂ ತಾವಾಗಿ ಬಂದು ಸೇರಲಾರವು. ಬೀಸುವ ಕಲ್ಲು ಮೂಲೆ ಸೇರುವ ಮುನ್ನ ಬೀಸುವ ಪದಗಳನ್ನು ಬರೆದುಕೊಂಡಂತೆ, ಈ ಕಾವಲುಗಾರರ ಅನುಭವವನ್ನೂ ಧ್ವನಿಮುದ್ರಿಸಿ ದಾಖಲಿಸುವ ಕಾರ್ಯ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳಿಂದ ಶೀಘ್ರವಾಗಿ ಆಗಬೇಕಾಗಿದೆ.